ಕಾಣದ ವಿಜ್ಞಾನಿಯನ್ನು ಕ್ಯಾಮೆರಾಕ್ಕೆ ಹಿಡಿಯುವುದು: ಕಾರವಾರ–ಶಿರಸಿ ಸೀಮೆಯಲ್ಲಿ ಕಿರು ಥ್ರಿಲ್ಲರ್ ತೆಗೆಯುವವರಿಗೆ ಕೈಪಿಡಿ

ಅದೃಶ್ಯನಾದ ವಿಜ್ಞಾನಿಯ ಕಥೆ ತೆಗೆಯಬೇಕು ಅಂದಾಗ ಎಲ್ಲರೂ ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಬೇಕು ಎಂದು. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅವನು ಏನನ್ನು ಮುಟ್ಟುತ್ತಾನೆ? ಅವನು ತುಳಿದ ಮರಳು, ಅವನ ಭುಜಕ್ಕೆ ಬಡಿದು ಚಿಮ್ಮಿದ ಮಳೆಹನಿ, ಅವನು ಹೊದ್ದ ಕಂಬಳಿ, ಕಿಟಕಿ ಗಾಜಿನ ಮೇಲೆ ಅವನು ಬಿಟ್ಟ ಉಸಿರು. ಪ್ರೇಕ್ಷಕರಿಗೆ ಸಿಗುವುದು ಇವಿಷ್ಟೇ. ಮರಳು, ಮಳೆ, ಕೆಸರು, ಮಂಜು ನಾಲ್ಕೂ ಧಾರಾಳವಾಗಿರುವ ಉತ್ತರ ಕನ್ನಡದಂಥ ಜಾಗ ಈ ಕಥೆಗೆ ಇನ್ನೊಂದು ಸಿಗುವುದು ಕಷ್ಟ.

ಹತ್ತು ಹದಿನೈದು ನಿಮಿಷದ ಚಿತ್ರಕ್ಕೆ 4ಕೆ ತೆಗೆಯುವ ಒಂದು ಫೋನ್ ಅಥವಾ ಕ್ಯಾಮೆರಾ, ಅಲುಗಾಡದ ಟ್ರೈಪಾಡ್, ಬ್ಯಾಟರಿಯಲ್ಲಿ ಓಡುವ ಎರಡು ಎಲ್‌ಇಡಿ ದೀಪ, ಒಂದು ಲ್ಯಾಪ್‌ಟಾಪ್ ಸಾಕು. ಸಂಕಲನಕ್ಕೂ ಕೀ ತೆಗೆಯುವುದಕ್ಕೂ (ಅಂದರೆ ಒಂದು ಬಣ್ಣವನ್ನು ಆರಿಸಿ ಚಿತ್ರದಿಂದ ಅಳಿಸುವುದಕ್ಕೂ) ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಲುತ್ತದೆ. ಇಲ್ಲಿ ಹೇಳುವ ಎಲ್ಲ ಜೋಡಣೆಯನ್ನೂ, ಅಂದರೆ ಬೇರೆ ಬೇರೆ ತೆಗೆದ ಚಿತ್ರಗಳನ್ನು ಪದರವಾಗಿ ಕೂಡಿಸುವುದನ್ನು, ಅದರ ಫ್ಯೂಷನ್ ಪುಟದಲ್ಲೇ ಮಾಡಬಹುದು.

ಚಿತ್ರಕಥೆಗೆ ಮೊದಲು ನಿಯಮಗಳು

ಯಾವುದೇ ವಸ್ತು ನಮಗೆ ಕಾಣುವುದು ಅದು ಬೆಳಕನ್ನು ಹೀರುವುದರಿಂದ, ಪ್ರತಿಫಲಿಸುವುದರಿಂದ, ಬಾಗಿಸುವುದರಿಂದ ಅಥವಾ ಚದುರಿಸುವುದರಿಂದ. ಒಂದು ಮಾಧ್ಯಮ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಯೇ ವಕ್ರೀಭವನ ಸೂಚ್ಯಂಕ. ಗಾಳಿಯದು ಸುಮಾರು 1.0003, ನೀರಿನದು 1.33, ಸಾಮಾನ್ಯ ಗಾಜಿನದು 1.52. ಎರಡು ಮಾಧ್ಯಮಗಳ ಸೂಚ್ಯಂಕ ಹತ್ತಿರವಾದಷ್ಟೂ ಅವುಗಳ ನಡುವಿನ ಅಂಚು ಮಾಯವಾಗುತ್ತದೆ. ಗಾಳಿಯಲ್ಲಿಟ್ಟ ಗಾಜಿಗೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇ. 4ರಷ್ಟು ಹಿಂದಿರುಗಿದರೆ, ನೀರಿನಲ್ಲಿ ಮುಳುಗಿಸಿದ ಗಾಜಿನಿಂದ ಶೇ. ಅರ್ಧಕ್ಕಿಂತಲೂ ಕಡಿಮೆ. ನಮ್ಮ ಚರ್ಮ ಪಾರದರ್ಶಕವಲ್ಲದಿರುವುದಕ್ಕೆ ಮುಖ್ಯ ಕಾರಣವೂ ಇದೇ: ಅದರೊಳಗಿನ ನೀರು, ಕೊಬ್ಬು, ಪ್ರೋಟೀನುಗಳ ಸೂಚ್ಯಂಕ ಬೇರೆ ಬೇರೆ, ಹಾಗಾಗಿ ಬೆಳಕು ಒಳಗೆ ಹೊಕ್ಕು ದಿಕ್ಕಾಪಾಲಾಗುತ್ತದೆ.

ನಿಮ್ಮ ವಿಜ್ಞಾನಿಯ ಸಂಶೋಧನೆಗೆ ನಂಬಿಕೆ ಹುಟ್ಟಿಸುವ ಮೂರು ನೆಲೆಗಳಿವೆ. ಒಂದು, ಲೋಹದ ಸೂಕ್ಷ್ಮ ರಚನೆಗಳಿಂದ ಅಲೆಯನ್ನು ವಸ್ತುವಿನ ಸುತ್ತ ಬಳಸಿ ಕಳಿಸುವುದು. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಹೀಗೆ ಒಂದು ತಾಮ್ರದ ಸಿಲಿಂಡರನ್ನು ಮೈಕ್ರೋವೇವ್ ಅಲೆಗಳಿಗೆ ಕಾಣದಂತೆ ಮರೆಮಾಡಲಾಯಿತು. ಅದು ಮೈಕ್ರೋವೇವ್‌ಗೆ ಮಾತ್ರ, ಕಣ್ಣಿಗಲ್ಲ. ಎರಡು, 2024ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಮಾಡಿ ತೋರಿಸಿದ್ದು. ಸಿಹಿತಿಂಡಿಗೆ ಹಾಕುವ ಹಳದಿ ಬಣ್ಣವಾದ ಟಾರ್ಟ್ರಜೀನನ್ನು ಇಲಿಯ ಚರ್ಮಕ್ಕೆ ಸವರಿದಾಗ ಚರ್ಮ ತಾತ್ಕಾಲಿಕವಾಗಿ ಪಾರದರ್ಶಕವಾಯಿತು. ಬಣ್ಣ ನೀಲಿ ಬೆಳಕನ್ನು ಹೀರುತ್ತದೆ, ಅದರ ಪರಿಣಾಮವಾಗಿ ಕೆಂಪು ಬೆಳಕಿಗೆ ನೀರಿನ ಸೂಚ್ಯಂಕ ಏರಿ ಕೊಬ್ಬಿನದಕ್ಕೆ ಹತ್ತಿರ ಬರುತ್ತದೆ. ನೀರಿನಿಂದ ತೊಳೆದರೆ ಚರ್ಮ ಮೊದಲಿನಂತೆ. ಈ ಪ್ರಯೋಗ ನಡೆದದ್ದು ಇಲಿಯ ತೆಳು ಚರ್ಮದ ಮೇಲೆ. ನಟರ ಮೈಗೆ ಇದನ್ನು ಬಳಿದು ನೋಡುವ ಯೋಚನೆಯೇ ಬೇಡ. ಆದರೆ ಕಥೆಗೆ ಇದು ಚಿನ್ನ. ತೊಳೆದರೆ ಹೋಗುವ ಅದೃಶ್ಯತೆ, ಮತ್ತು ಜೂನ್ ತಿಂಗಳ ಶಿರಸಿ. ಥ್ರಿಲ್ಲರ್‌ನ ಗಡಿಯಾರ ಅಲ್ಲೇ ಸಿಕ್ಕಿತು.

ಮೂರನೆಯದು ಕಾರವಾರಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಕಡಲಲ್ಲಿ ನಿಜವಾಗಿಯೂ ಪಾರದರ್ಶಕ ಜೀವಿಗಳಿವೆ: ಅಂಬಲಿ ಮೀನು (ಜೆಲ್ಲಿ ಫಿಶ್), ಗಾಜಿನಂಥ ಪುಟ್ಟ ಸಿಗಡಿ, ಹಾವುಮೀನಿನ ಎಲೆಯಾಕಾರದ ಮರಿ. ಆ ಮರಿಯ ರಕ್ತದಲ್ಲಿ ಕೆಂಪು ಬಣ್ಣವೇ ಇರುವುದಿಲ್ಲ. ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ಕಲಿಸುವ ಸ್ನಾತಕೋತ್ತರ ವಿಭಾಗವಿರುವ ಊರಿನಲ್ಲಿ ನಾಯಕ ಕಡಲಜೀವಶಾಸ್ತ್ರಜ್ಞನಾದರೆ ಯಾರೂ ಹುಬ್ಬೇರಿಸುವುದಿಲ್ಲ. ಆ ಮರಿಗಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ: ಮೈಯೆಲ್ಲ ಗಾಜಾದರೂ ಕಣ್ಣು ಮಾತ್ರ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಬೆಳಕನ್ನು ಹೀರದ ಅಕ್ಷಿಪಟಲಕ್ಕೆ ಏನೂ ಕಾಣುವುದಿಲ್ಲ. ಪೂರ್ತಿ ಅದೃಶ್ಯನಾದವನು ಪೂರ್ತಿ ಕುರುಡ. ಇದನ್ನು ಮರೆಮಾಚಬೇಡಿ, ಬಳಸಿಕೊಳ್ಳಿ. ಕತ್ತಲ ಜಗಲಿಯಲ್ಲಿ ಆಳೆತ್ತರಕ್ಕೆ ತೇಲುವ ಎರಡು ಸಣ್ಣ ಕಪ್ಪು ಚುಕ್ಕೆಗಳಿಗಿಂತ ಹೆಚ್ಚು ಬೆಚ್ಚಿಬೀಳಿಸುವ ದೃಶ್ಯ ಸುಲಭಕ್ಕೆ ಹೊಳೆಯದು.

ಇವುಗಳಲ್ಲಿ ಒಂದನ್ನು ಆರಿಸಿ, ನಿಯಮಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಬಟ್ಟೆ ಕಾಣುತ್ತದೆಯೋ? ನುಂಗಿದ ಅನ್ನ ಎಷ್ಟು ಹೊತ್ತು ಕಾಣುತ್ತದೆ? ಬೆವರು? ಗಾಯದಿಂದ ಸುರಿದ ರಕ್ತ? ನೆರಳು ಬೀಳುತ್ತದೆಯೋ? ಚಿತ್ರದ ಮಧ್ಯೆ ಒಂದು ನಿಯಮ ಮುರಿದರೂ ಪ್ರೇಕ್ಷಕ ಹೆದರುವುದನ್ನು ಬಿಟ್ಟು ತಪ್ಪು ಹುಡುಕತೊಡಗುತ್ತಾನೆ.

ಕಂಪ್ಯೂಟರ್ ಇಲ್ಲದೆ ಮಾಯ: ಪ್ರಯೋಗಾಲಯದ ದೃಶ್ಯ

ಆರಂಭದಲ್ಲಿ ವಿಜ್ಞಾನಿ ತನ್ನ ತತ್ವವನ್ನು ತೋರಿಸುವ ಒಂದು ದೃಶ್ಯ ಬೇಕಾಗುತ್ತದೆ. ಅದನ್ನು ಯಾವ ಜೋಡಣೆಯೂ ಇಲ್ಲದೆ, ಒಂದೇ ಶಾಟ್‌ನಲ್ಲಿ, ನಿಜವಾಗಿಯೇ ಮಾಡಬಹುದು. ಬೊರೊಸಿಲಿಕೇಟ್ ಗಾಜಿನ ಸೂಚ್ಯಂಕ 1.47, ಶುದ್ಧ ಗ್ಲಿಸರಿನ್‌ನದೂ 1.47. ಒಂದರಲ್ಲಿ ಇನ್ನೊಂದನ್ನು ಮುಳುಗಿಸಿದರೆ ಗಾಜು ಇಲ್ಲವಾಗುತ್ತದೆ.

ಬೇಕಾದದ್ದು: 250 ಮಿ.ಲೀ. ಬೀಕರ್, 300 ಮಿ.ಲೀ.ನಷ್ಟು ಗ್ಲಿಸರಿನ್, ಬೀಕರಿನ ಎತ್ತರಕ್ಕಿಂತ ಗಿಡ್ಡದಾದ ಬೊರೊಸಿಲಿಕೇಟ್ ಪ್ರನಾಳ, ಒಂದು ಡ್ರಾಪರ್. ಗ್ಲಿಸರಿನ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಗುಲಾಬಿ ನೀರು ಬೆರೆಸಿದ ಬಾಟಲಿ ತರಬೇಡಿ. ಬೀಕರಿಗೆ 180 ಮಿ.ಲೀ. ಹಾಕಿ, ಖಾಲಿ ಪ್ರನಾಳವನ್ನು ನಿಧಾನಕ್ಕೆ ಇಳಿಸಿ ಇಕ್ಕಳದಿಂದ ಹಿಡಿದುಕೊಳ್ಳಿ. ಒಳಗೆ ಗಾಳಿ ಇರುವುದರಿಂದ ಅದು ಬೆಳ್ಳಿಯಂತೆ ಹೊಳೆಯುತ್ತ ಎದ್ದು ಕಾಣುತ್ತದೆ. ಈಗ ಡ್ರಾಪರಿನಿಂದ ಪ್ರನಾಳದೊಳಕ್ಕೆ ಗ್ಲಿಸರಿನ್ ಬಿಡುತ್ತ ಹೋಗಿ. ತಳದಿಂದ ಮೇಲಕ್ಕೆ ಗಾಜು ಕರಗಿಹೋದಂತೆ ಮಾಯವಾಗುತ್ತದೆ. ಕ್ಯಾಮೆರಾ ಬೀಕರಿನ ಮಟ್ಟದಲ್ಲಿರಲಿ. ಹಿಂದೆ ಗೆರೆಯಿಲ್ಲದ ತಿಳಿ ಬಣ್ಣದ ಗೋಡೆ, ದೀಪ ಆ ಗೋಡೆಯ ಮೇಲೆ.

ಕೆಡುವುದು ಎಲ್ಲಿ? ಪ್ರನಾಳ ಅಗ್ಗದ ಸೋಡಾ ಗಾಜಿನದಾದರೆ ಅಂಚು ಉಳಿಯುತ್ತದೆ, ಅದರ ಸೂಚ್ಯಂಕ 1.52. ರಭಸದಿಂದ ಸುರಿದರೆ ಗುಳ್ಳೆ ನಿಲ್ಲುತ್ತದೆ. ಗ್ಲಿಸರಿನ್ ಬಾಟಲಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ತೆಳುವಾಗಿ ಗುಳ್ಳೆ ಬೇಗ ಮೇಲೇರುತ್ತದೆ, ಆದರೆ ಶಾಟ್‌ಗೆ ಮೊದಲು ತಣಿಯಲು ಬಿಡಬೇಕು. ಕರಾವಳಿಯ ದೊಡ್ಡ ಶತ್ರು ತೇವ. ಗ್ಲಿಸರಿನ್ ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಸೂಚ್ಯಂಕ ಇಳಿಯುತ್ತದೆ. ಮಳೆಗಾಲದಲ್ಲಿ ರಾತ್ರಿಯಿಡೀ ತೆರೆದಿಟ್ಟ ಬೀಕರಿನಲ್ಲಿ ಮರುದಿನ ಪ್ರನಾಳದ ಗೆರೆ ಮತ್ತೆ ಕಾಣಿಸಿಕೊಂಡರೆ ಅದಕ್ಕೆ ಇದೇ ಕಾರಣ. ಮುಚ್ಚಳ ತೆರೆದ ತಕ್ಷಣ ಶಾಟ್ ತೆಗೆಯಿರಿ. ಗ್ಲಿಸರಿನ್ ಸಿಗದಿದ್ದರೆ ಸೂರ್ಯಕಾಂತಿ ಎಣ್ಣೆ ಸಾಕಷ್ಟು ಹತ್ತಿರ ಬರುತ್ತದೆ, ಹಳದಿ ಛಾಯೆಯೊಂದೇ ತೊಂದರೆ. ತೆಂಗಿನೆಣ್ಣೆ 1.45, ಗೆರೆ ಪೂರ್ತಿ ಹೋಗುವುದಿಲ್ಲ, ಮೇಲಾಗಿ ಚಳಿಗಾಲದ ಶಿರಸಿಯಲ್ಲಿ ಬೆಳಿಗ್ಗೆ ಹೆಪ್ಪುಗಟ್ಟಿರುತ್ತದೆ.

ಕ್ಲೀನ್ ಪ್ಲೇಟ್

ಇನ್ನು ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ನಟ ಇಲ್ಲದ ಖಾಲಿ ಜಾಗವನ್ನು, ಅದೇ ಕ್ಯಾಮೆರಾ ಅದೇ ಜಾಗದಲ್ಲಿಟ್ಟು, ಅದೇ ಬೆಳಕಿನಲ್ಲಿ ತೆಗೆದದ್ದೇ ಕ್ಲೀನ್ ಪ್ಲೇಟ್. ನಟನ ತಲೆಯನ್ನು ಅಳಿಸಿದಾಗ ಹಿಂದೆ ಕಾಣಬೇಕಾದ ಗೋಡೆ ಇಲ್ಲಿಂದ ಬರುತ್ತದೆ.

ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ನಾಲ್ಕನ್ನೂ ಕೈಯಾರೆ ಕಟ್ಟಿಹಾಕಿ. ನಡುಕ ತಡೆಯುವ ಫೋನಿನ ಸ್ಟೆಬಿಲೈಸೇಷನ್ ಬಂದ್ ಮಾಡಿ. ಟ್ರೈಪಾಡ್ ಮೇಲಿದ್ದರೂ ಅದು ಚೌಕಟ್ಟನ್ನು ಒಂದೆರಡು ಪಿಕ್ಸೆಲ್ ಜರುಗಿಸುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ 1/60ರಲ್ಲಿ ತೆಗೆದರೆ ಮನೆಯ ಟ್ಯೂಬ್‌ಲೈಟ್, ಎಲ್‌ಇಡಿಗಳು ಮಿಣುಕಿ ಎರಡು ಪ್ಲೇಟ್‌ಗಳ ಬೆಳಕು ತಾಳೆಯಾಗದು. ಪ್ರತಿ ಶಾಟ್‌ಗೂ ಮೊದಲು ಹತ್ತು ಸೆಕೆಂಡು, ಮುಗಿದ ಮೇಲೆ ಹತ್ತು ಸೆಕೆಂಡು ಖಾಲಿ ಜಾಗ ತೆಗೆಯಿರಿ. ಬೆಳಕು ಮಧ್ಯೆ ಬದಲಾಗಿದ್ದರೆ ಎರಡರಲ್ಲಿ ಒಂದಾದರೂ ಹೊಂದುತ್ತದೆ.

4ಕೆಯಲ್ಲಿ ತೆಗೆದು 1080ಪಿಯಲ್ಲಿ ಮುಗಿಸಿ. ಫೋನುಗಳು ಬಣ್ಣದ ವಿವರವನ್ನು ಹೊಳಪಿನ ಕಾಲು ಭಾಗಕ್ಕಿಳಿಸಿ ಉಳಿಸುತ್ತವೆ. ಚಿತ್ರ ಕುಗ್ಗಿಸಿದಾಗ ಆ ಕೊರತೆ ತುಂಬಿಕೊಂಡು ಕೀ ತೆಗೆದ ಅಂಚು ನಯವಾಗುತ್ತದೆ. ಕೈಯಲ್ಲಿ ಹಿಡಿದ ಕ್ಯಾಮೆರಾದ ನಡುಕ ಬೇಕೆನಿಸಿದರೆ ಅದನ್ನೂ ಈ ಹೆಚ್ಚುವರಿ ಜಾಗದೊಳಗೆ ಸಂಕಲನದಲ್ಲೇ ಸೇರಿಸಬಹುದು.

ತಲೆಯಿಲ್ಲದ ಅಂಗಿ

ಒಂದೂವರೆ ಮೀಟರ್ ಹೊಳಪಿಲ್ಲದ ಹಸಿರು ಅಥವಾ ನೀಲಿ ಹತ್ತಿ ಬಟ್ಟೆ ತಂದು ನಟನಿಗೆ ಮಂಕಿ ಕ್ಯಾಪ್ ಆಕಾರದ ಮುಸುಕು, ಮೊಣಕೈವರೆಗಿನ ಕೈಗವಸು ಹೊಲಿಸಿ. ಸ್ಯಾಟಿನ್ ಬೇಡ, ಮಿಂಚಿದ ಜಾಗದಲ್ಲಿ ಬಣ್ಣ ಬೆಳ್ಳಗಾಗಿ ಕೀ ಸಿಗುವುದಿಲ್ಲ. ಮೂಗಿನ ಕೆಳಗೆ ಒಂದು ಸೀಳು ಬಿಡಿ, ನಟ ಉಸಿರಾಡಬೇಕು. ದೊಡ್ಡ ಪರದೆ ಕಟ್ಟುವ ಗೊಡವೆ ಇಲ್ಲ. ನಿಜವಾದ ಜಾಗದಲ್ಲೇ ನಟ ನಿಲ್ಲುತ್ತಾನೆ, ಮುಸುಕಿನ ಬಣ್ಣವನ್ನು ತೆಗೆದರೆ ಹಿಂದಿನ ಕ್ಲೀನ್ ಪ್ಲೇಟ್ ತೋರುತ್ತದೆ.

ಎಲ್ಲ ಪಾಠಗಳೂ ಹಸಿರು ಬಟ್ಟೆ ಹೇಳುತ್ತವೆ. ಘಟ್ಟದ ಮೇಲೆ ಅದು ನಡೆಯದು. ಅಡಿಕೆ ತೋಟದಲ್ಲಿ, ಬೆಟ್ಟದಲ್ಲಿ, ಪಾಚಿಗಟ್ಟಿದ ಪಾಗಾರದ ಪಕ್ಕ ಎಲ್ಲೆಲ್ಲೂ ಹಸಿರೇ, ತಲೆಯ ಜೊತೆ ಅರ್ಧ ತೋಟವೂ ತೂತಾಗುತ್ತದೆ. ಅಲ್ಲಿ ನೀಲಿ ಮುಸುಕು. ಕಡಲತೀರದಲ್ಲಿ ನೀರೂ ಆಕಾಶವೂ ನೀಲಿ, ಅಲ್ಲಿ ಹಸಿರು ಮುಸುಕು. ಎರಡೂ ಹೊಲಿಸಿಟ್ಟುಕೊಳ್ಳಿ. ಕ್ಯಾಮೆರಾದ ಸೆನ್ಸರಿನಲ್ಲಿ ನೀಲಿಗಿಂತ ಹಸಿರು ಬಿಂದುಗಳು ಎರಡು ಪಟ್ಟಿರುವುದರಿಂದ ನೀಲಿಗೆ ಹೆಚ್ಚು ಬೆಳಕು ಬೇಕು. ತೋಟದ ನೆರಳಲ್ಲಿ ಐಎಸ್‌ಒ ಏರಿಸಿದರೆ ನೀಲಿಯಲ್ಲಿ ಕಾಳುಕಾಳು ಚುಕ್ಕೆಗಳೆದ್ದು ಅಂಚು ಕುದಿದಂತೆ ಕಾಣುತ್ತದೆ. ಎಡಬಲ ಎರಡು ದೀಪ ಇಟ್ಟು ಗುಂಡಗಿನ ತಲೆಯ ಮೇಲೆ ಒಂದೇ ಸಮ ಬೆಳಕು ಬೀಳುವಂತೆ ಮಾಡಿ.

ಎಲ್ಲರೂ ಮರೆಯುವುದು ಕಾಲರಿನ ಒಳಭಾಗವನ್ನು. ಕತ್ತು ಇಲ್ಲದಿದ್ದರೆ ಅಂಗಿಯ ಹಿಂಬದಿಯ ಕಾಲರಿನ ಒಳಮೈ ಕಾಣಬೇಕು. ನಟ ಅಂಗಿಯೊಳಗಿದ್ದಾಗ ಅದು ಕತ್ತಿನ ಹಿಂದೆ ಅಡಗಿರುತ್ತದೆ, ಕೀ ತೆಗೆದರೆ ಅಂಗಿಯ ನಡುವೆ ಗೋಡೆಯೇ ತೋರುತ್ತದೆ. ದಾರಿ ಎರಡು. ಸುಲಭದ್ದೆಂದರೆ ಕ್ಯಾಮೆರಾವನ್ನು ಎದೆಮಟ್ಟಕ್ಕಿಂತ ಕೆಳಗಿಟ್ಟು ಮೇಲಕ್ಕೆ ನೋಡುವುದು. ಮುಂದಿನ ಕಾಲರೇ ಹಿಂದಿನದನ್ನು ಮರೆಮಾಡುತ್ತದೆ, ಕೆಳಗಿನ ಕೋನ ಭಯವನ್ನೂ ಹೆಚ್ಚಿಸುತ್ತದೆ. ಮೇಲಿನ ಕೋನ ಬೇಕೇಬೇಕೆಂದರೆ ಅದೇ ಅಂಗಿಯನ್ನು ಬಟ್ಟೆ ಅಂಗಡಿಯ ತಲೆಯಿಲ್ಲದ ಬೊಂಬೆಗೆ ತೊಡಿಸಿ, ಕಾಲರಿಗೆ ಬೈಂಡಿಂಗ್ ತಂತಿ ಹೊಲಿದು ಆಕಾರ ನಿಲ್ಲಿಸಿ, ಅದೇ ಎತ್ತರ, ಅದೇ ದೂರ, ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆಯಿರಿ. ಆ ಒಳಕಾಲರನ್ನು ಕತ್ತರಿಸಿ ಕ್ಲೀನ್ ಪ್ಲೇಟ್‌ಗೂ ನಟನಿಗೂ ನಡುವಿನ ಪದರದಲ್ಲಿಟ್ಟು ಅಂಗಿಯ ಗುಂಡಿಗೆ ಟ್ರ್ಯಾಕ್ ಮಾಡಿ, ಅಂದರೆ ಗುಂಡಿ ಸರಿದಂತೆ ಅದೂ ಸರಿಯುವಂತೆ ಮಾಡಿ. ತೋಳಿನ ತುದಿಗೂ ಇದೇ ಕ್ರಮ. ಕೈ ಬೀಸುವ ಶಾಟ್ ಇಟ್ಟುಕೊಂಡರೆ ಕೆಲಸ ಹತ್ತು ಪಟ್ಟಾಗುತ್ತದೆ, ಕೈ ಜೇಬಿನಲ್ಲಿರಲಿ.

ಬಿಳಿ ಅಂಗಿ ಬೇಡ, ಮುಸುಕಿನ ಬಣ್ಣ ಕಾಲರಿಗೆ ಪ್ರತಿಫಲಿಸುತ್ತದೆ. ಖಾಕಿ, ಕಂದು ಒಳ್ಳೆಯದು. ಗೋಡೆಯ ಮೇಲೆ ತಲೆಯ ನೆರಳು ಬಿದ್ದರೆ ಆಟ ಮುಗಿಯಿತು, ನಟ ಗೋಡೆಯಿಂದ ಎರಡು ಮೀಟರ್ ಈಚೆ ನಿಲ್ಲಲಿ. ಹೊರಾಂಗಣದಲ್ಲಿ ಇದಕ್ಕೆ ಮಳೆಗಾಲದ ಮೋಡವೇ ಮದ್ದು. ದಟ್ಟ ಮೋಡದಡಿ ನೆರಳೇ ಇರುವುದಿಲ್ಲ, ಮುಸುಕಿನ ಮೇಲೂ ಬೆಳಕು ಸಮನಾಗಿ ಬೀಳುತ್ತದೆ.

ಇಷ್ಟೆಲ್ಲ ಮಾಡಲಾಗದ ತಂಡಕ್ಕೂ ಒಂದು ದಾರಿಯಿದೆ, ಪರಿಣಾಮದಲ್ಲಿ ಅದು ಮೇಲಿನದಕ್ಕಿಂತ ಗಟ್ಟಿ: ಕಂಬಳಿ ಕೊಪ್ಪೆ, ಅಂದರೆ ಮಳೆಗೆ ತಲೆ ಬೆನ್ನು ಮುಚ್ಚುವಂತೆ ಮಡಿಸಿ ಹೊದೆಯುವ ಕಂಬಳಿ. ಕರಿ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡಾಗ ಮುಖದ ಜಾಗ ಹೇಗೂ ಆಳದ ಗುಹೆ. ನಟನ ಮುಖಕ್ಕೆ ಕಪ್ಪು ಮಖಮಲ್ಲಿನ ಮುಸುಕು ಹಾಕಿ, ಕಂಬಳಿಯನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದು, ದೀಪವನ್ನು ಪಕ್ಕದಿಂದ ಮಾತ್ರ ಬಿಡಿ. ಮಖಮಲ್ಲು ಬೆಳಕನ್ನು ನುಂಗಿಬಿಡುತ್ತದೆ. ಸುರಿವ ಮಳೆಯಲ್ಲಿ, ಗದ್ದೆಯಂಚಿನಲ್ಲಿ, ಒಳಗೆ ಯಾರೂ ಇಲ್ಲದ ಕೊಪ್ಪೆಯೊಂದು ನಡೆದು ಬರುತ್ತದೆ. ಕೀ ಬೇಡ, ಪ್ಲೇಟ್ ಬೇಡ, ಕ್ಯಾಮೆರಾವನ್ನು ಎಲ್ಲಿ ಬೇಕಾದರೂ ಓಡಿಸಬಹುದು.

ಮರಳಿನ ಮೇಲೆ ಹೆಜ್ಜೆ

ಕಾರವಾರದ ಟಾಗೋರ್ ತೀರದಂಥ ಚಪ್ಪಟೆ ಮರಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ಮರಳು ಹೆಜ್ಜೆಯ ಅಂಚನ್ನು ಹಿಡಿದಿಟ್ಟುಕೊಳ್ಳುವುದು ಇಳಿತದ ಹೊತ್ತಿನಲ್ಲಿ, ನೀರು ಹಿಂದೆ ಸರಿದು ಬಿಟ್ಟುಹೋದ ಗಟ್ಟಿ ಪಟ್ಟಿಯಲ್ಲಿ. ಒಣ ಮರಳಲ್ಲಿ ಹೆಜ್ಜೆ ಬರೀ ಗುಳಿ, ಏರುತ್ತಿರುವ ನೀರಿನಲ್ಲಿ ನಿಮಿಷಕ್ಕೇ ಅಳಿಯುತ್ತದೆ. ಭರತ ಇಳಿತ ದಿನಕ್ಕೆ ಎರಡೆರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ದೂರ ಸರಿದು ಅಗಲವಾದ ಪಟ್ಟಿ ಸಿಗುತ್ತದೆ. ಇಳಿತವೂ ಇಳಿಬಿಸಿಲೂ ಒಟ್ಟಿಗೆ ಬರುವ ಸಂಜೆಗಳನ್ನು ಮೊದಲೇ ಪಟ್ಟಿಮಾಡಿ ದಿನ ಗೊತ್ತುಪಡಿಸಿ. ಕ್ಯಾಮೆರಾ ತೀರದ ಉದ್ದಕ್ಕೆ ಉತ್ತರಕ್ಕೋ ದಕ್ಷಿಣಕ್ಕೋ ನೋಡುತ್ತಿರಲಿ. ಪಶ್ಚಿಮದ ಇಳಿಬಿಸಿಲು ಪಕ್ಕದಿಂದ ಬಿದ್ದು ಹೆಜ್ಜೆಯೊಳಗೆ ನೆರಳು ತುಂಬುತ್ತದೆ. ನಡು ಮಧ್ಯಾಹ್ನ ಅದೇ ಹೆಜ್ಜೆ ಚಪ್ಪಟೆ.

ವಿಧಾನ ಇದು:

1. ಸೂರ್ಯಾಸ್ತಕ್ಕೆ ಒಂದರಿಂದ ಒಂದೂವರೆ ತಾಸು ಮೊದಲು ಕ್ಯಾಮೆರಾ ಬಿಗಿಯಿರಿ. ಟ್ರೈಪಾಡಿನ ಕಾಲಡಿ ಹಲಗೆಯ ತುಂಡು ಇಡಿ, ಒದ್ದೆ ಮರಳಲ್ಲಿ ಅದು ನಿಧಾನಕ್ಕೆ ಕುಸಿಯುತ್ತದೆ.

2. ಹೆಜ್ಜೆಯಿಲ್ಲದ ಮರಳನ್ನು ಒಂದು ನಿಮಿಷ ತೆಗೆಯಿರಿ. ಇದು ಮೊದಲ ಪ್ಲೇಟ್.

3. ಕ್ಯಾಮೆರಾ ನಿಲ್ಲಿಸದೆ, ಬರಿಗಾಲ ನಟ ಚೌಕಟ್ಟಿನ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಗೆ ದಾಟಲಿ. ಅವನು ನಡೆದ ವೇಗವೇ ಮುಂದೆ ನಿಮ್ಮ ಅಳತೆ.

4. ಅವನು ಹೋದ ಮೇಲೆ ಹೆಜ್ಜೆಗಳಿರುವ ಮರಳನ್ನು ಮತ್ತೊಂದು ನಿಮಿಷ ತೆಗೆಯಿರಿ. ಇದು ಎರಡನೆಯ ಪ್ಲೇಟ್. ಎರಡರ ನಡುವೆ ಐದು ನಿಮಿಷ ಮೀರಬಾರದು, ಬಿಸಿಲಿನ ಬಣ್ಣ ಓಡುತ್ತಿರುತ್ತದೆ.

5. ಸಂಕಲನದಲ್ಲಿ ಮೊದಲ ಪ್ಲೇಟ್ ಕೆಳಗೆ, ಎರಡನೆಯದು ಮೇಲೆ. ಮೇಲಿನದರಲ್ಲಿ ಪ್ರತಿ ಹೆಜ್ಜೆಗೂ ಒಂದೊಂದು ಮಾಸ್ಕ್ (ಪದರದ ಅಷ್ಟು ಭಾಗವನ್ನಷ್ಟೇ ತೋರಿಸುವ ಗೆರೆ) ಬರೆದು, ನಟನ ಕಾಲು ಬಿದ್ದ ಫ್ರೇಮಿನಲ್ಲೇ ಅದನ್ನು ತೆರೆಯಿರಿ. ಸಾಮಾನ್ಯ ನಡಿಗೆಯಲ್ಲಿ ಎರಡು ಹೆಜ್ಜೆಗಳ ನಡುವೆ 12ರಿಂದ 13 ಫ್ರೇಮ್.

ಹೆಜ್ಜೆ ಒಮ್ಮೆಲೇ ಮೂಡಿದರೆ ಮುದ್ರೆ ಒತ್ತಿದ ಹಾಗೆ ಕಾಣುತ್ತದೆ. ಮಾಸ್ಕನ್ನು ಎರಡು ಭಾಗ ಮಾಡಿ: ಹಿಮ್ಮಡಿ ಮೊದಲು, ಬೆರಳುಗಳು ಮೂರು ಫ್ರೇಮ್ ತಡವಾಗಿ. ಅಂಚನ್ನು ಮೃದುಮಾಡಿ. ಮಾಸ್ಕ್ ಹೆಜ್ಜೆಯಷ್ಟಕ್ಕೇ ಇರುವುದರಿಂದ ಎರಡು ಪ್ಲೇಟ್‌ಗಳ ಅಲೆಗಳು ಹೊಂದದಿದ್ದರೂ ಚಿಂತೆಯಿಲ್ಲ. ಓಡುವ ಏಡಿಗಳನ್ನು ಮಾತ್ರ ಗಮನಿಸಿ. ಮಾಸ್ಕಿನೊಳಗೆ ಅರ್ಧ ಏಡಿ ಉಳಿದುಬಿಡುತ್ತದೆ. ನಿಂತು, ಹಿಂದಿರುಗಿ ನೋಡಿ, ಕ್ಯಾಮೆರಾದತ್ತ ತಿರುಗುವ ಹೆಜ್ಜೆಗಳು ನೇರ ಸಾಲಿಗಿಂತ ಹೆಚ್ಚು ಹೆದರಿಸುತ್ತವೆ. ಮಾಡುವ ಕೆಲಸ ಅಷ್ಟೇ, ನಟನಿಗೆ ಹಾಗೆ ನಡೆಯಲು ಹೇಳಿದರಾಯಿತು.

ಮಳೆ, ಉಂಬಳ, ಉಸಿರು

ಮಳೆಯಲ್ಲಿ ಅದೃಶ್ಯನ ಆಕಾರ ಮೂಡುವ ದೃಶ್ಯವನ್ನು ಎರಡು ಪದರವಾಗಿ ತೆಗೆಯಬೇಕು. ಮೊದಲನೆಯದು ಖಾಲಿ ಅಂಗಳದ ಮಳೆ. ಎರಡನೆಯದು ರಾತ್ರಿ: ಹಿಂದೆ ಕಪ್ಪು ಬಟ್ಟೆ, ನಟ ತಲೆಯಿಂದ ಕಾಲವರೆಗೆ ಕಪ್ಪು, ದೀಪ ಅವನ ಹಿಂಬದಿಯ ಮೇಲ್ಗಡೆಯಿಂದ, ಕ್ಯಾಮೆರಾಕ್ಕೆ ನೇರ ಕಾಣದಂತೆ. ಮೇಲಿಂದ ತೋಟಕ್ಕೆ ನೀರು ಹಾಯಿಸುವ ಪೈಪಿಗೆ ಸ್ಪ್ರಿಂಕ್ಲರ್ ತಲೆ ಹಾಕಿ ನೀರು ಬಿಡಿ. ತಲೆ, ಭುಜ, ಮುಂಗೈಗೆ ಬಡಿದು ಸಿಡಿದ ಹನಿಗಳು ಮಾತ್ರ ಬೆಳ್ಳಗೆ ಹೊಳೆಯುತ್ತವೆ. ಈ ಪದರವನ್ನು ಸ್ಕ್ರೀನ್ ಮೋಡ್‌ನಲ್ಲಿ ಅಂಗಳದ ಮೇಲೆ ಹಾಕಿದರೆ ಕಪ್ಪು ಮಾಯವಾಗಿ ಹನಿಗಳ ಮನುಷ್ಯ ಉಳಿಯುತ್ತಾನೆ. ಎರಡರಲ್ಲೂ ಶಟರ್ 1/50 ಇರಬೇಕು, ಇಲ್ಲದಿದ್ದರೆ ಹನಿಗೆರೆಗಳ ಉದ್ದ ಬೇರೆಯಾಗಿ ಅಂಟಿಸಿದ್ದು ಗೊತ್ತಾಗುತ್ತದೆ. ಒದ್ದೆಯಾದ ಕಪ್ಪು ರೇನ್‌ಕೋಟ್ ಹೊಳೆಯುತ್ತದೆ, ಉಣ್ಣೆಯದೋ ಮಖಮಲ್ಲಿನದೋ ತೊಡಿಸಿ. ಈ ದೃಶ್ಯಕ್ಕೆ ಮನೆಯ ಕರೆಂಟಿನ ದೀಪ ಖಂಡಿತ ಬೇಡ. ನೀರೂ ವೈರೂ ಒಟ್ಟಿಗಿರುವ ಜಾಗದಲ್ಲಿ ಬ್ಯಾಟರಿ ದೀಪ ಮಾತ್ರ.

ಘಟ್ಟದ ಮೇಲಿನ ಕಥೆಗೆ ಉಂಬಳದಂಥ (ರಕ್ತ ಹೀರುವ ಕಾಡಿನ ಜಿಗಣೆ) ಸುಳಿವು ಇನ್ನೊಂದಿಲ್ಲ. ಮಳೆಗಾಲದ ಬೆಟ್ಟದಲ್ಲಿ ಬರಿಗಾಲಲ್ಲಿ ಓಡಿದವನು ಅದೃಶ್ಯನಾದರೇನು, ಉಂಬಳಕ್ಕೆ ಮೈಯ ಬಿಸುಪೂ ನಡಿಗೆಯ ಕಂಪನವೂ ಸಾಕು. ನೆಲದಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ, ಉಬ್ಬಿಕೊಂಡ ಮೂರು ಉಂಬಳ ನಡೆದು ಹೋಗುತ್ತವೆ. ಸೈಕಲ್ ಟ್ಯೂಬನ್ನು ಮೂರು ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಎರಡೂ ತುದಿ ಚೂಪು ಮಾಡಿ, ಒಳಗೆ ಹತ್ತಿ ತುಂಬಿ ಅಂಟಿಸಿ, ಮೇಲೆ ಗ್ಲಿಸರಿನ್ ಸವರಿದರೆ ನಿಜದಂತೆ ಮಿರುಗುತ್ತದೆ. ನಟನ ಕಾಲಿಗೆ ಮೊಣಕಾಲುದ್ದದ ನೀಲಿ ಕಾಲುಚೀಲ ಹಾಕಿ, ಅದಕ್ಕೆ ಇವನ್ನು ಹೊಲಿದು, ನೀಲಿಯನ್ನು ಕೀ ತೆಗೆಯಿರಿ. ತುಳಿದ ತರಗೆಲೆ ಅದುಮಿಕೊಳ್ಳುವುದು ತಾನಾಗಿಯೇ ಚಿತ್ರದಲ್ಲಿ ಉಳಿಯುತ್ತದೆ, ಅದೇ ಈ ಶಾಟ್‌ನ ಜೀವ.

ಗಾಜಿನ ಮೇಲೆ ಉಸಿರಿನ ಮಂಜು ಮೂಡಲು ಶಾಟನ್ನು ಹಿಂದುಮುಂದು ಮಾಡಿ. ಗಾಜಿಗೆ ಬಾಯಿಟ್ಟು ಊದಿ, ಪಕ್ಕಕ್ಕೆ ಸರಿದು, ಮಂಜು ಆರುವುದನ್ನು ತೆಗೆಯಿರಿ. ಸಂಕಲನದಲ್ಲಿ ತಿರುಗಿಸಿದರೆ ಯಾರೂ ಇಲ್ಲದ ಕಿಟಕಿಯಲ್ಲಿ ಮಂಜು ಮೂಡುತ್ತದೆ. ಹಿನ್ನೆಲೆಯಲ್ಲಿ ಆಡುವ ಮರ, ಸುರಿವ ಮಳೆ, ಹೋಗುವ ಬೈಕು ಇರಬಾರದು. ಹೊಗೆಯೊಳಗೆ ನಡೆಯುವ ಅದೃಶ್ಯನನ್ನು ಮಾತ್ರ ಬಿಟ್ಟುಬಿಡಿ. ಹೊಗೆ ಅವನ ಸುತ್ತ ಸರಿದು ಕೂಡಿಕೊಳ್ಳಬೇಕು, ಅದನ್ನು ಲೆಕ್ಕ ಹಾಕಿ ಚಿತ್ರಿಸುವ ಕೆಲಸ ಸಣ್ಣ ತಂಡದ್ದಲ್ಲ.

ದಾರ

ತೇಲುವ ಲೋಟ, ತಾನಾಗಿ ತೆರೆವ ಬಾಗಿಲು, ಜಾರುವ ಕುರ್ಚಿಗೆ ಗಾಳದ ತಂಗೂಸಿಯೇ ಸಾಕು, 0.20 ಮಿ.ಮೀ. ದಪ್ಪದ್ದು. ಪೊಟ್ಟಣದ ಮೇಲೆ ಬರೆದ ತೂಕದ ಅರ್ಧಕ್ಕಿಂತ ಹೆಚ್ಚು ಹೇರಬೇಡಿ, ಗಂಟು ಹಾಕಿದಲ್ಲಿ ಅದರ ಬಲ ಇಳಿಯುತ್ತದೆ. ಒಂದೇ ದಾರಕ್ಕೆ ಕಟ್ಟಿದರೆ ವಸ್ತು ಗಿರ್ರನೆ ತಿರುಗುತ್ತದೆ. ಎರಡು ದಾರ, ಮೇಲಕ್ಕೆ ಅಗಲವಾಗುವಂತೆ. ಹಿಂದಿನಿಂದ ದೀಪ ಬಿದ್ದರೆ ದಾರ ಮಿಂಚುತ್ತದೆ. ಮಿಂಚಿದ ಕಡೆ ಕಪ್ಪು ಮಾರ್ಕರ್ ಎಳೆಯಿರಿ, ಉಳಿದದ್ದನ್ನು ಕ್ಲೀನ್ ಪ್ಲೇಟಿನಿಂದ ಅಳಿಸಿ. ಕಡಲಗಾಳಿ ಮಧ್ಯಾಹ್ನದಿಂದ ಸಂಜೆಯವರೆಗೆ ಜೋರು, ದಾರದ ಕೆಲಸ ಬೆಳಿಗ್ಗೆ ಮುಗಿಸಿ. ಕುಡಿಯುವ ದೃಶ್ಯಕ್ಕೆ ಸ್ಟೀಲ್ ಲೋಟ ಆರಿಸಿದರೆ ಒಳಗೇನಾಗುತ್ತಿದೆ ಎಂದು ತೋರಿಸಬೇಕಾಗಿಲ್ಲ, ವಾಲಿಸಿದರಾಯಿತು. ಗಾಜಿನ ಲೋಟದಲ್ಲಿ ಮುರುಗಲು ಪಾನಕ ಇಳಿಯುವುದೇ ಬೇಕೆಂದರೆ, ಕ್ಯಾಮೆರಾಕ್ಕೆ ಕಾಣದ ಹಿಂಬದಿಯಲ್ಲಿ ಅಕ್ವೇರಿಯಂ ಪೈಪ್ ಇಳಿಬಿಟ್ಟು 50 ಮಿ.ಲೀ. ಸಿರಿಂಜಿನಿಂದ ಎಳೆಯಿರಿ.

ಕಾಣುವ ನಟರ ಕಣ್ಣು

ಅದೃಶ್ಯನನ್ನು ಎದುರಿಸುವ ನಟರು ಒಬ್ಬರು ಮೇಲೆ, ಒಬ್ಬರು ಕೆಳಗೆ ನೋಡಿದರೆ ಎಲ್ಲ ಶ್ರಮ ನೀರಲ್ಲಿ ಹೋಮ. ಅವನ ಎತ್ತರ ನಿಗದಿಮಾಡಿ. ಐದಡಿ ಆರಿಂಚು ಎಂದಿಟ್ಟುಕೊಳ್ಳಿ. ಬಿದಿರು ಕೋಲಿಗೆ ಕಣ್ಣಿನ ಮಟ್ಟದಲ್ಲಿ, ಅಂದರೆ ನೆಲದಿಂದ ಐದಡಿ ಒಂದೂವರೆ ಇಂಚಿನಲ್ಲಿ, ಕೆಂಪು ಟೇಪ್ ಸುತ್ತಿ. ತಾಲೀಮಿನಲ್ಲಿ ಒಬ್ಬರು ಆ ಕೋಲು ಹಿಡಿದು ಅದೃಶ್ಯನ ದಾರಿಯಲ್ಲೇ ನಡೆಯಲಿ. ಶಾಟ್‌ನಲ್ಲಿ ಕೋಲು ತೆಗೆದ ಮೇಲೂ ನಟರ ಕಣ್ಣು ಅದೇ ಬಿಂದುವಿನ ದೂರಕ್ಕೆ ಫೋಕಸ್ ಆಗಿರಬೇಕು, ಹಿಂದಿನ ಗೋಡೆಗಲ್ಲ.

ಅನುಮತಿ, ಉಪ್ಪುಗಾಳಿ

ಕಾರವಾರದ ದಕ್ಷಿಣಕ್ಕೆ ಐಎನ್‌ಎಸ್ ಕದಂಬ ನೌಕಾನೆಲೆ, ಘಟ್ಟದ ಕಡೆ ಕೈಗಾ ಅಣುಸ್ಥಾವರ. ಆ ದಿಕ್ಕಿಗೆ ಕ್ಯಾಮೆರಾ ತಿರುಗಿಸಬೇಡಿ, ಕಥೆಗೆ ಎಷ್ಟೇ ಆಸೆಯಾದರೂ. ಡ್ರೋನ್ ಹಾರಿಸುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು ವಲಯ, ಅಂದರೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲದ ಜಾಗ, ನೋಡಿ. ಈ ಚಿತ್ರಕ್ಕೆ ಡ್ರೋನ್ ಬೇಕಾಗಿಯೂ ಇಲ್ಲ. ಅರಣ್ಯದೊಳಕ್ಕೆ ಅರಣ್ಯ ಇಲಾಖೆಯ, ಮಿರ್ಜಾನ್ ಕೋಟೆಯಂಥ ಸ್ಮಾರಕಕ್ಕೆ ಪುರಾತತ್ವ ಇಲಾಖೆಯ, ರೈಲು ನಿಲ್ದಾಣಕ್ಕೆ ಕೊಂಕಣ ರೈಲ್ವೆಯ ಲಿಖಿತ ಒಪ್ಪಿಗೆ ಪಡೆಯಿರಿ. ಆಟಿಕೆ ಪಿಸ್ತೂಲು ಹಿಡಿದು ಬೀದಿಯಲ್ಲಿ ಓಡುವ ದೃಶ್ಯವಿದ್ದರೆ ಹತ್ತಿರದ ಠಾಣೆಗೆ ಮೊದಲೇ ತಿಳಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೈತಖೋಲ, ತದಡಿ ಬಂದರುಗಳಲ್ಲಿ ದೋಣಿಗಳು ಸಾಲಾಗಿ ನಿಂತಿರುತ್ತವೆ. ಬೆನ್ನಟ್ಟುವ ದೃಶ್ಯಕ್ಕೆ ಅದು ಒಳ್ಳೆಯ ಜಾಗ, ದೋಣಿಯವರನ್ನು ಕೇಳಿ ಹತ್ತಿ. ಅದೇ ತಿಂಗಳುಗಳಲ್ಲಿ ನಟರನ್ನು ಕಡಲಿಗಿಳಿಸಬಾರದು.

ಲೆನ್ಸಿನ ಮೇಲೆ ಉಪ್ಪಿನ ಪೊರೆ ಕೂತರೆ ದೀಪದ ಸುತ್ತ ಮಬ್ಬು ಪ್ರಭೆ ಬರುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಶುದ್ಧ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ, ಆಮೇಲೆ ಒಣಬಟ್ಟೆ. ಎಸಿ ಕೋಣೆಯಿಂದ ಹೊರತಂದ ಕ್ಯಾಮೆರಾವನ್ನು ಗಾಳಿಯಾಡದ ಚೀಲದಲ್ಲೇ ಅರ್ಧ ತಾಸು ಬಿಡಿ, ಇಲ್ಲದಿದ್ದರೆ ಗಾಜು ಮಂಜಾಗುತ್ತದೆ.

ಶಬ್ದ

ಅದೃಶ್ಯ ಮನುಷ್ಯನ ಅರ್ಧ ಮೈ ಶಬ್ದವೇ. ಸ್ಥಳದ ರೆಕಾರ್ಡಿಂಗ್ ನಂಬಬೇಡಿ, ಅಲೆಯ ಮೊರೆತ, ಮಳೆಗಾಲದಲ್ಲಿ ಕಪ್ಪೆ ಜೀರುಂಡೆ ಎಲ್ಲವನ್ನೂ ನುಂಗುತ್ತವೆ. ಹೆಜ್ಜೆ ಸಪ್ಪಳವನ್ನು ಮನೆಯೊಳಗೆ ಬೇರೆಯಾಗಿ ಹಿಡಿಯಿರಿ. ಎರಡಡಿ ಉದ್ದದ ತಟ್ಟೆಯಲ್ಲಿ ನಾಲ್ಕು ಇಂಚು ಒದ್ದೆ ಮರಳು ತುಂಬಿ ಬರಿಗಾಲಲ್ಲಿ ಒತ್ತಿದರೆ ತೀರದ ಹೆಜ್ಜೆ, ಒಣ ಅಡಿಕೆ ಹಾಳೆ ಸೋಗೆ ಹಾಸಿ ತುಳಿದರೆ ತೋಟದ್ದು, ಚಿರೆಕಲ್ಲಿನ ಮೇಲೆ ಒದ್ದೆ ಅಂಗಾಲು ಇಟ್ಟರೆ ಅಂಗಳದ್ದು. ಉಸಿರನ್ನು ಮೈಕಿನಿಂದ ಒಂದು ಗೇಣು ದೂರದಲ್ಲಿ, ಬಾಯಿಗೆ ನೇರವಾಗದೆ ಓರೆಯಾಗಿಟ್ಟು ಹಿಡಿಯಿರಿ, ಗಾಳಿಯ ಹೊಡೆತ ಬೀಳುವುದಿಲ್ಲ. ಪ್ರತಿ ಸ್ಥಳದಲ್ಲೂ ಯಾರೂ ಮಾತಾಡದ ಒಂದು ನಿಮಿಷವನ್ನು ಹಿಡಿದಿಡಿ, ಸಂಕಲನದಲ್ಲಿ ತೇಪೆ ಹಾಕಲು ಬೇಕಾಗುತ್ತದೆ. ಜೋಡಿಸುವಾಗ ಸಪ್ಪಳ ಎಡದಿಂದ ಬಲಕ್ಕೆ ಸರಿಯುವ ವೇಗ ಕಾಣುವ ನಟರ ದೃಷ್ಟಿ ಸರಿಯುವ ವೇಗಕ್ಕೆ ಹೊಂದಲಿ, ಮತ್ತು ಹೆಜ್ಜೆ ಮೂಡುವ ಫ್ರೇಮಿಗಿಂತ ಸಪ್ಪಳ ಎಂದೂ ಮೊದಲು ಕೇಳದಿರಲಿ.

ಪ್ರದರ್ಶನಕ್ಕೆ ಮೊದಲು ಒಮ್ಮೆ ಪ್ರೊಜೆಕ್ಟರಿನಲ್ಲಿ, ದೀಪ ಆರಿಸಿ ನೋಡಿ. ಫೋನಿನಲ್ಲಿ ಕಾಣದ ಮಾಸ್ಕಿನ ಅಂಚು, ಅಳಿಸದೆ ಉಳಿದ ದಾರದ ತುಂಡು, ಕಾಲರಿನ ಮೇಲಿನ ಹಸಿರು ಛಾಯೆ ದೊಡ್ಡ ಪರದೆಯಲ್ಲಿ ಎದ್ದು ಕಾಣುತ್ತವೆ. ಅವನ್ನು ಸಮಯದೊಂದಿಗೆ ಬರೆದುಕೊಂಡು, ಒಂದೊಂದನ್ನೂ ಇಮ್ಮಡಿ ಗಾತ್ರಕ್ಕೆ ಹಿಗ್ಗಿಸಿ ಸರಿಪಡಿಸಿದ ಮೇಲೆ ಅಂತಿಮ ಪ್ರತಿ ತೆಗೆಯಿರಿ.